ಕಾರಿನ ಎಸಿ ಕಂಪ್ರೆಸರ್ ಹೋಗಿದೆ ಅಂದಾಗ, ನಿಜವಾಗಿ ಹೋಗಿರುವುದು ಯಾವ ಭಾಗ?

ಏಪ್ರಿಲ್ ತಿಂಗಳು. ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಂದ ಬಳ್ಳಾರಿಗೆ ಹೊರಟಿದ್ದೆ. ಹಿರಿಯೂರು ದಾಟುವಾಗಲೇ ಬಾನೆಟ್ ಒಳಗಿಂದ ಗರಗರ ಸದ್ದು ಬರುತ್ತಿತ್ತು. ಚಳ್ಳಕೆರೆ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಎಸಿ ಗಾಳಿ ಬಿಸಿಯಾಯಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ಕಂಪ್ರೆಸರ್ ಪುಲ್ಲಿಯ ಕಡೆಯಿಂದ ಸಣ್ಣಗೆ ಹೊಗೆ. ನಮ್ಮ ಹಳೇ ಹ್ಯಾಚ್‌ಬ್ಯಾಕ್‌ನಲ್ಲಿ ಎಸಿಗೆ ಬೇರೆಯೇ ಬೆಲ್ಟ್ ಇದೆ. ಹೆದ್ದಾರಿ ಪಕ್ಕದ ಗ್ಯಾರೇಜಿನವರು ಆ ಬೆಲ್ಟ್ ಕತ್ತರಿಸಿ ತೆಗೆದರು. ಕಿಟಕಿ ಇಳಿಸಿಕೊಂಡು, ಒದ್ದೆ ಟವೆಲ್ ಅಮ್ಮನ ಹೆಗಲ ಮೇಲೆ ಹಾಕಿ ಬಳ್ಳಾರಿ ಸೇರಿದೆವು.

ವಾಪಸ್ ಬಂದ ಮೇಲೆ ಒಂದು ವರ್ಕ್‌ಶಾಪ್‌ಗೆ ತೋರಿಸಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು: ‘ಕಂಪ್ರೆಸರ್ ಹೋಗಿದೆ ಸಾರ್, ಹೊಸದು ಹಾಕಬೇಕು, ಎಲ್ಲಾ ಸೇರಿ 26 ಸಾವಿರ.’ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿರಲಿಲ್ಲ, ಕರೆಂಟ್ ಅಳೆಯುವ ಮೀಟರ್ ಹಿಡಿದಿರಲಿಲ್ಲ. ಕೊನೆಗೆ ಆ ಕಾರು ಸರಿಯಾಗಿದ್ದು 2,750 ರೂಪಾಯಿಗೆ. ಹೋಗಿದ್ದು ಪುಲ್ಲಿಯ ಬೇರಿಂಗ್, ಅದರ ಬಿಸಿಗೆ ಸುಟ್ಟಿದ್ದು ಕ್ಲಚ್ಚಿನ ಕಾಯಿಲ್. ಕಂಪ್ರೆಸರ್ ಚೆನ್ನಾಗೇ ಇತ್ತು, ಇವತ್ತಿಗೂ ಅದೇ ಓಡುತ್ತಿದೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಮಂಗಳೂರಿನಲ್ಲಿರುವ ನನ್ನ ತಂಗಿಯ ಕಾರಿನಲ್ಲಿ ಕಂಪ್ರೆಸರ್ ನಿಜಕ್ಕೂ ಸತ್ತಿತ್ತು, ಅದರ ಕಥೆಯನ್ನೂ ಮುಂದೆ ಹೇಳುತ್ತೇನೆ. ಆದರೆ ಜೇಬಿಂದ ದುಡ್ಡು ತೆಗೆಯುವ ಮೊದಲು ಯಾವ ಭಾಗ ಹೋಗಿದೆ ಅಂತ ತಿಳಿದುಕೊಳ್ಳಲೇಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಅರ್ಧದಷ್ಟನ್ನು ಮನೆ ಮುಂದೆಯೇ ಮಾಡಬಹುದು.

ಕಂಪ್ರೆಸರ್ ಅಂದರೆ ಒಂದೇ ವಸ್ತು ಅಲ್ಲ

ಬೆಲ್ಟ್‌ನಿಂದ ಓಡುವ ಮಾಮೂಲಿ ಕಂಪ್ರೆಸರ್ ಅನ್ನು ಎರಡು ಭಾಗವಾಗಿ ನೋಡಿ. ಹಿಂದಿನದು ಬಾಡಿ. ಅದರೊಳಗೆ ಪಿಸ್ಟನ್, ವಾಲ್ವ್, ಶಾಫ್ಟ್, ಆಯಿಲ್ ಇರುತ್ತವೆ. ಗ್ಯಾಸ್ ಒತ್ತುವುದು ಇದೇ. ಮುಂದಿನದು ಕ್ಲಚ್. ಅದರಲ್ಲಿ ನಾಲ್ಕು ತುಂಡು: ಬೆಲ್ಟ್ ಸುತ್ತುವ ಪುಲ್ಲಿ, ಅದರ ನಡುವೆ ಒಂದು ಬೇರಿಂಗ್, ಹಿಂದೆ ಮ್ಯಾಗ್ನೆಟ್ ಕಾಯಿಲ್. ಎಲ್ಲಕ್ಕಿಂತ ಮುಂದೆ ಕಾಣುವ ತಟ್ಟೆಯೇ ಕ್ಲಚ್ ಪ್ಲೇಟ್.

ಎಂಜಿನ್ ಓಡುತ್ತಿರುವಾಗ ಪುಲ್ಲಿ ಯಾವಾಗಲೂ ತಿರುಗುತ್ತದೆ, ಎಸಿ ಹಾಕಿರಲಿ ಬಿಡಲಿ. ಎಸಿ ಬಟನ್ ಒತ್ತಿದಾಗ ಕಾಯಿಲ್‌ಗೆ ಕರೆಂಟ್ ಹೋಗಿ ಅಯಸ್ಕಾಂತವಾಗುತ್ತದೆ. ಅದು ಪ್ಲೇಟನ್ನು ‘ಟಕ್’ ಅಂತ ಪುಲ್ಲಿಗೆ ಎಳೆದುಕೊಳ್ಳುತ್ತದೆ. ಪ್ಲೇಟ್ ತಿರುಗಿದರೆ ಶಾಫ್ಟ್ ತಿರುಗುತ್ತದೆ, ಆಗ ಮಾತ್ರ ಬಾಡಿ ಕೆಲಸ ಮಾಡುತ್ತದೆ.

ಇದು ಗೊತ್ತಿದ್ದರೆ ಅರ್ಧ ರೋಗ ಪತ್ತೆಯಾದ ಹಾಗೆ. ಎಸಿ ಆಫ್ ಇದ್ದಾಗಲೂ ಗರಗರ ಅಂದರೆ ಬೇರಿಂಗ್ ಮೇಲೆ ಅನುಮಾನ ಪಡಿ, ಯಾಕೆಂದರೆ ಕಂಪ್ರೆಸರ್‌ನಲ್ಲಿ ಆಗ ತಿರುಗುತ್ತಿರುವುದು ಪುಲ್ಲಿ, ಬೇರಿಂಗ್ ಎರಡೇ. ಎಸಿ ಹಾಕಿದ ಕ್ಷಣ ಸದ್ದು ಶುರುವಾಗಿ, ಆಫ್ ಮಾಡಿದಾಗ ನಿಂತರೆ ಬಾಡಿ ಒಳಗೇ ಏನೋ ಸವೆದಿದೆ. ‘ಟಕ್’ ಅನ್ನುವುದೇ ಇಲ್ಲ ಅಂದರೆ ಬಾಡಿಯನ್ನು ಇನ್ನೂ ಬೈಯಬೇಡಿ. ಅದಕ್ಕೆ ತಿರುಗುವ ಅವಕಾಶವೇ ಸಿಕ್ಕಿಲ್ಲ ಅಲ್ವಾ?

ಬಾನೆಟ್ ಎತ್ತಿ ನೋಡುವುದು

ಮೊದಲು ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬೆಲ್ಟ್ ಹತ್ತಿರ ಕೈ, ಸೆರಗು, ದುಪಟ್ಟಾ ಏನೂ ಹೋಗಬಾರದು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ಶುರುವಾಗಬಹುದು. ಕೈ ಹಾಕುವ ಕೆಲಸ ಏನಿದ್ದರೂ ಕೀ ತೆಗೆದ ಮೇಲೆ.

ಎಂಜಿನ್ ಸ್ಟಾರ್ಟ್ ಮಾಡಿ, ಬ್ಲೋವರ್ ಹಾಕಿ, ಮನೆಯವರೊಬ್ಬರಿಗೆ ಎಸಿ ಬಟನ್ ಒತ್ತಲು ಹೇಳಿ. ನೀವು ದೂರದಿಂದ ಟಾರ್ಚ್ ಬಿಟ್ಟು ಕ್ಲಚ್ ಪ್ಲೇಟ್ ನೋಡಿ. ಅದು ತಿರುಗಿತಾ? ತಿರುಗಿಯೂ ಗಾಳಿ ಬಿಸಿಯೇ ಅಂದರೆ ಗ್ಯಾಸ್ ಕಡೆಯ ಸಮಸ್ಯೆ, ಇಲ್ಲವೇ ಬಾಡಿ ಒತ್ತುತ್ತಿಲ್ಲ. ತಿರುಗದಿದ್ದರೆ ಕರೆಂಟ್ ಕಡೆಯದು ಅಥವಾ ಕ್ಲಚ್ಚಿನದು. ಅದೇ ಹೊತ್ತಿಗೆ ಕಂಡೆನ್ಸರ್‌ನ (ಬಿಸಿ ಗ್ಯಾಸನ್ನು ಆರಿಸುವ, ರೇಡಿಯೇಟರ್ ಮುಂದಿನ ಜಾಲರಿ) ಫ್ಯಾನ್ ತಿರುಗುತ್ತಿದೆಯಾ ಅಂತಲೂ ನೋಡಿಬಿಡಿ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಅನ್ನುವ ದೂರಿಗೆ ತುಂಬಾ ಸಲ ಈ ಫ್ಯಾನೇ ಕಾರಣ.

ಈಗ ಎಂಜಿನ್ ನಿಲ್ಲಿಸಿ. ಕ್ಲಚ್ ಪ್ಲೇಟನ್ನು ಕೈಯಲ್ಲಿ ತಿರುಗಿಸಿ. ಒಳ್ಳೆ ಕಂಪ್ರೆಸರ್ ಮೆತ್ತಗೆ, ಒಂದೇ ಸಮನಾದ ಬಿಗಿಯಲ್ಲಿ ತಿರುಗುತ್ತದೆ. ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಬಾಡಿ ಜಾಮ್ ಆಗಿದೆ. ಏನೂ ಬಿಗಿಯೇ ಇಲ್ಲದೆ ಸುಮ್ನೆ ಗಿರ್ರನೆ ತಿರುಗಿದರೆ, ಅಥವಾ ಒಳಗೆ ಮರಳು ಉಜ್ಜಿದ ಹಾಗೆ ಕರಕರ ಅಂದರೆ, ಒಳಗೆ ಮುರಿದಿದೆ ಇಲ್ಲವೇ ಸವೆದಿದೆ. ಬೆಲ್ಟ್ ಬಿಚ್ಚಲು ಬಂದರೆ ಬಿಚ್ಚಿ, ಪುಲ್ಲಿಯನ್ನು ಮಾತ್ರ ತಿರುಗಿಸಿ. ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಆಟ ಇದ್ದರೆ, ಗರಗರ ಅಂದರೆ, ಬೇರಿಂಗ್ ಮುಗಿದಿದೆ.

ಕಂಪ್ರೆಸರ್‌ನ ಮೂತಿ, ಪೈಪ್ ಜೋಡಣೆಗಳ ಮೇಲೆ ಎಣ್ಣೆ ಸೇರಿದ ಕಪ್ಪು ಧೂಳು ಅಂಟಿದೆಯಾ ನೋಡಿ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಜೊತೆ ಓಡಾಡುವ ಆಯಿಲ್ ಲೀಕ್ ಆದ ಜಾಗದಲ್ಲಿ ಗುರುತು ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಕೆಟ್ಟ ಎಸಿ ಆದರೆ ವೈರುಗಳನ್ನೂ ಒಂದು ಸಲ ಹಿಡಿದು ನೋಡಿ. ಇಲಿ ಕಡಿದ ವೈರಿಗೆ ಕಂಪ್ರೆಸರ್ ಬದಲಿಸಲು ಹೊರಟವರನ್ನು ನಾನೇ ನೋಡಿದ್ದೇನೆ.

‘ಟಕ್’ ಅನ್ನದಿದ್ದರೆ

ಒಂದು ಮಲ್ಟಿಮೀಟರ್ ಸಾಕು, ಕಡಿಮೆ ಬೆಲೆಯದೂ ನಡೆಯುತ್ತದೆ. ಮೊದಲು ಎಸಿ ಫ್ಯೂಸ್ ನೋಡಿ. ಆಮೇಲೆ ರಿಲೇ. ಎಷ್ಟೋ ಕಾರುಗಳಲ್ಲಿ ಹಾರನ್ ರಿಲೇ ಮತ್ತು ಎಸಿ ರಿಲೇ ಒಂದೇ ನಂಬರಿನವು. ನಂಬರ್ ಹೊಂದಿದರೆ ಅದಲು ಬದಲು ಮಾಡಿ ನೋಡಿ. ಎಸಿ ಬಂತು, ಹಾರನ್ ಹೋಯಿತು ಅಂದರೆ ಹೋಗಿರುವುದು ರಿಲೇ ಅಷ್ಟೇ.

ಅದೂ ಸರಿ ಇದ್ದರೆ ಎಂಜಿನ್ ನಿಲ್ಲಿಸಿ, ಕಂಪ್ರೆಸರ್ ಹತ್ತಿರದ ಕನೆಕ್ಟರ್ ಬಿಚ್ಚಿ ಮೀಟರಿನ ಪ್ರೋಬ್ ಸಿಕ್ಕಿಸಿ. ಎಂಜಿನ್ ಓಡಿಸಿ ಎಸಿ ಹಾಕಿ ಅಲ್ಲಿಗೆ 12 ವೋಲ್ಟ್ ಬರುತ್ತಿದೆಯಾ ಅಳೆಯಿರಿ. ಇದು ಇಡೀ ಪರೀಕ್ಷೆಯಲ್ಲೇ ದೊಡ್ಡ ಕವಲುದಾರಿ. ಕರೆಂಟ್ ಬರುತ್ತಿಲ್ಲ ಅಂದರೆ ತೊಂದರೆ ಕಂಪ್ರೆಸರ್‌ಗಿಂತ ಹಿಂದೆ ಎಲ್ಲೋ ಇದೆ. ಪ್ರೆಶರ್ ಸ್ವಿಚ್, ಕ್ಯಾಬಿನ್ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಮೇಲಿನ ಟೆಂಪರೇಚರ್ ಸೆನ್ಸರ್, ವೈರಿಂಗ್, ಇವುಗಳಲ್ಲಿ ಯಾವುದಾದರೂ ಆಗಬಹುದು. ಪ್ರೆಶರ್ ಸ್ವಿಚ್ ಗ್ಯಾಸ್ ತೀರಾ ಕಡಿಮೆಯಾದರೆ, ಅಂದರೆ ಸುಮಾರು 28 ಪಿಎಸ್‌ಐಗಿಂತ (ಪಿಎಸ್‌ಐ ಅನ್ನುವುದು ಒತ್ತಡದ ಅಳತೆ) ಇಳಿದರೆ, ಕ್ಲಚ್ಚಿಗೆ ಕರೆಂಟ್ ನಿಲ್ಲಿಸುತ್ತದೆ. ಸುಮಾರು 450 ಪಿಎಸ್‌ಐ ದಾಟಿದರೂ ನಿಲ್ಲಿಸುತ್ತದೆ. ಕಂಪ್ರೆಸರ್ ಉಳಿಯಲಿ ಅಂತಲೇ ಅದನ್ನು ಇಟ್ಟಿರುವುದು. ಅದಕ್ಕೆ ವೈರ್ ಸುತ್ತಿ ಬೈಪಾಸ್ ಮಾಡಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಗ್ಯಾಸ್ ಇಲ್ಲದೆ ಓಡಿದರೆ ಬಾಡಿಗೆ ಆಯಿಲ್ ಬರುವುದಿಲ್ಲ. ಆಗ ಚೆನ್ನಾಗಿದ್ದ ಕಂಪ್ರೆಸರ್ ನಿಜವಾಗಿಯೂ ಹೋಗುತ್ತದೆ.

ಕರೆಂಟ್ ಬರುತ್ತಿದೆ, ಆದರೂ ಪ್ಲೇಟ್ ಎಳೆಯುತ್ತಿಲ್ಲ ಅಂದರೆ ಕಾಯಿಲ್ ಕಡೆ ಹೋಗಿ. ಎಂಜಿನ್ ಆಫ್ ಮಾಡಿ ಕಾಯಿಲ್‌ನ ಓಮ್ ಅಳೆಯಿರಿ. ಒಂದೇ ವೈರ್ ಇದ್ದರೆ ಇನ್ನೊಂದು ಪ್ರೋಬ್ ಅನ್ನು ಕಂಪ್ರೆಸರ್ ಲೋಹಕ್ಕೆ ಹಿಡಿಯಿರಿ. ಸಾಮಾನ್ಯವಾಗಿ 3ರಿಂದ 5 ಓಮ್ ಬರುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಅಥವಾ ಕೆಲವು ಕಾಯಿಲ್‌ಗಳೊಳಗೆ ಇರುವ ಥರ್ಮಲ್ ಫ್ಯೂಸ್ ಹಾರಿದೆ.

ಇನ್ನೊಂದು ದೋಷ ಇದೆ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಬೆಳಿಗ್ಗೆ ಎಸಿ ಚೆನ್ನಾಗಿರುತ್ತದೆ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿದ ಮೇಲೆ ತಾನಾಗಿ ಬಿಸಿ ಗಾಳಿ. ಕಾರು ಆರಿದ ಮೇಲೆ ಮತ್ತೆ ಸರಿ. ಇದಕ್ಕೂ ‘ಕಂಪ್ರೆಸರ್ ವೀಕ್ ಆಗಿದೆ’ ಅನ್ನುತ್ತಾರೆ. ತುಂಬಾ ಸಲ ಆಗಿರುವುದು ಏನೆಂದರೆ, ವರ್ಷಗಟ್ಟಲೆ ಉಜ್ಜಿ ಪ್ಲೇಟ್ ಸವೆದು, ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ದೊಡ್ಡದಾಗಿರುತ್ತದೆ. ಕಾಯಿಲ್ ಬಿಸಿಯಾದಷ್ಟೂ ಅದರ ಸೆಳೆತ ಕಡಿಮೆ. ತಣ್ಣಗಿದ್ದಾಗ ಹೇಗೋ ಎಳೆಯುತ್ತದೆ, ಬಿಸಿಯಾದಾಗ ಕೈಲಾಗುವುದಿಲ್ಲ. ಆ ಸಂದು ಮಾಮೂಲಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ಫೀಲರ್ ಗೇಜ್ ಅನ್ನುವ ತೆಳು ಲೋಹದ ಪಟ್ಟಿ ತೂರಿಸಿ ಅಳೆಯಬಹುದು. ಒಂದು ಮಿಲಿಮೀಟರ್ ಹತ್ತಿರ ಬಂದಿದ್ದರೆ ಪ್ಲೇಟ್ ಬಿಚ್ಚಿ, ಶಾಫ್ಟಿನ ಮೇಲೆ ಕೂತಿರುವ ಕಾಗದದಷ್ಟು ತೆಳ್ಳಗಿನ ಶಿಮ್ ವಾಷರ್‌ಗಳಲ್ಲಿ ಒಂದನ್ನು ತೆಗೆದರೆ ಸಂದು ಕಡಿಮೆಯಾಗುತ್ತದೆ. ಸಾಮಾನಿಗೆ ಒಂದು ರೂಪಾಯಿ ಖರ್ಚಿಲ್ಲ. ಶಿಮ್ ಇಲ್ಲದಷ್ಟು ಸವೆದಿದ್ದರೆ ಪ್ಲೇಟ್ ಬದಲಿಸಬೇಕು, ಅದೂ ದೊಡ್ಡ ಖರ್ಚಲ್ಲ.

ನಮ್ಮ ಕಾರಿನಲ್ಲಿ ಸಿಕ್ಕಿದ್ದು

ಜೆ.ಸಿ. ರೋಡ್ ಪಕ್ಕದ ಗಲ್ಲಿಯಲ್ಲಿ ಎಸಿ ಕೆಲಸ ಒಂದನ್ನೇ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಮೊದಲು ಮಾಡಿದ್ದು ಗೇಜ್ ಹಾಕಿದ್ದು. ಎರಡೂ ಮುಳ್ಳು 90 ಪಿಎಸ್‌ಐ ದಾಟಿ ನಿಂತವು. ‘ಗ್ಯಾಸ್ ಇದೆ, ಬಾಡಿ ಬಿಚ್ಚೋದು ಬೇಡ’ ಅಂದರು. ಪೈಪುಗಳನ್ನು ಹಾಗೇ ಬಿಟ್ಟು ಕಂಪ್ರೆಸರ್‌ನ ಬೋಲ್ಟ್ ಮಾತ್ರ ಸಡಿಲಿಸಿ ಮುಂದಕ್ಕೆ ಎಳೆದುಕೊಂಡರು. ನಡುವಿನ ಬೋಲ್ಟ್ ಬಿಚ್ಚಿದಾಗ ಪ್ಲೇಟ್ ಕೈಗೆ ಬಂತು. ಲಾಕ್ ರಿಂಗ್ ತೆಗೆದು ಪುಲ್ಲಿ ಎಳೆದರೆ ಬೇರಿಂಗಿನ ಗ್ರೀಸ್ ಸುಟ್ಟು ಕಪ್ಪು ಪುಡಿಯಾಗಿತ್ತು. ಪುಲ್ಲಿಯ ಒಳಮೈ ಬಿಸಿಗೆ ನೀಲಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಕಾಯಿಲ್ ಮೇಲಿನ ಲೇಪ ದೋಸೆಯ ಹಾಗೆ ಗುಳ್ಳೆ ಎದ್ದಿತ್ತು. ಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ, ಅಂದರೆ ಕಾಯಿಲ್ ತುಂಡಾಗಿತ್ತು.

ಆಮೇಲೆ ಪ್ಲೇಟನ್ನು ಶಾಫ್ಟಿಗೆ ಮತ್ತೆ ಕೂರಿಸಿ ‘ನೀವೇ ತಿರುಗಿಸಿ ನೋಡಿ’ ಅಂದರು. ತಿರುಗಿಸಿದೆ. ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ, ಮೆತ್ತಗೆ. ಬಾಡಿ ಸರಿ ಇದೆ ಅನ್ನುವುದು ನನ್ನ ಬೆರಳಿಗೇ ಗೊತ್ತಾಯಿತು.

ಬೇರಿಂಗ್ ಪಕ್ಕದಲ್ಲಿ ಅಳತೆ ಕೆತ್ತಿರುತ್ತದೆ ಇಲ್ಲವೇ ನಂಬರ್ ಇರುತ್ತದೆ. ನಮ್ಮದು 35×55×20, ಅಂದರೆ ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲಾ ಮಿಲಿಮೀಟರ್‌ನಲ್ಲಿ. ಈ ಅಳತೆ ಗೊತ್ತಿದ್ದರೆ ಕಾರಿನ ಹೆಸರೂ ಹೇಳದೆ ಬೇರಿಂಗ್ ಅಂಗಡಿಯಲ್ಲಿ ಕೊಳ್ಳಬಹುದು. ಬೇರಿಂಗ್ 450, ಕಾಯಿಲ್ 1,400, ಕೂಲಿ 900. ಗ್ಯಾಸ್ ಒಂದು ಗ್ರಾಂ ಕೂಡ ಹೊರಗೆ ಬಿಡಲಿಲ್ಲ. ಬೇರಿಂಗ್ ಕೂರಿಸುವಾಗ ಸುತ್ತಿಗೆಯಲ್ಲಿ ಬಡಿಯಬಾರದು, ಪ್ರೆಸ್‌ನಲ್ಲಿ ಹೊರ ರಿಂಗ್ ಮೇಲೆ ಮಾತ್ರ ಒತ್ತಬೇಕು. ಅವರು ಪಕ್ಕದ ಲೇತ್ ಅಂಗಡಿಗೆ ಕಳಿಸಿ ಪ್ರೆಸ್ ಮಾಡಿಸಿ ತಂದರು. ಕೆಲಸದವರ ಮೇಲೆ ನಂಬಿಕೆ ಬರುವುದು ಇಂಥ ಕಡೆಯೇ.

ಪ್ಲೇಟ್ ತಿರುಗುತ್ತಿದೆ, ತಂಪಿಲ್ಲ: ಗೇಜ್ ಓದುವುದು

ಇಲ್ಲಿಂದ ಮುಂದೆ ಗೇಜ್ ಇರುವ ಎಸಿ ಮೆಕ್ಯಾನಿಕ್ ಬೇಕು. ಆದರೆ ಮುಳ್ಳು ಏನು ಹೇಳುತ್ತಿದೆ ಅಂತ ನಿಮಗೂ ಗೊತ್ತಿರಲಿ. ಪಕ್ಕದಲ್ಲಿ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ. ಕೆಳಗಿನ ಅಂಕಿಗಳು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆರ್-134ಎ ಗ್ಯಾಸಿಗೆ.

ಎಂಜಿನ್ ಆಫ್ ಇದ್ದು, ಹೊರಗೆ 30 ಡಿಗ್ರಿ ಇದ್ದರೆ ನೀಲಿ (ಕಡಿಮೆ ಒತ್ತಡದ ಕಡೆ), ಕೆಂಪು (ಹೆಚ್ಚು ಒತ್ತಡದ ಕಡೆ) ಎರಡೂ ಗೇಜ್ 95ರಿಂದ 100 ಪಿಎಸ್‌ಐ ತೋರಿಸುತ್ತವೆ. ಅದರರ್ಥ ಒಳಗೆ ಗ್ಯಾಸ್ ಇದೆ ಅಂತ ಮಾತ್ರ. ಎಷ್ಟಿದೆ ಅಂತ ಅಲ್ಲ. ದ್ರವ ರೂಪದ ಗ್ಯಾಸ್ ಸ್ವಲ್ಪ ಇದ್ದರೂ, ಪೂರ್ತಿ ಇದ್ದರೂ ನಿಂತಾಗಿನ ಒತ್ತಡ ಒಂದೇ. ಅಡುಗೆ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆ ಒಂದೇ ಥರ ಉರಿಯುತ್ತದಲ್ಲ, ಹಾಗೆ.

ಎಂಜಿನ್ ಓಡಿಸಿ ಎಸಿ ಹಾಕಿದಾಗ ನೀಲಿ 25ರಿಂದ 40ಕ್ಕೆ ಇಳಿಯಬೇಕು, ಕೆಂಪು 180ರಿಂದ 230ಕ್ಕೆ ಏರಬೇಕು. ಬಳ್ಳಾರಿ, ರಾಯಚೂರು, ಕಲಬುರಗಿ ಬಿಸಿಲಲ್ಲಿ ಕೆಂಪು ಇದಕ್ಕಿಂತ ಜಾಸ್ತಿ ಹೋಗುವುದು ಸಹಜ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಫ್ಯಾನ್ ಓಡುತ್ತಿಲ್ಲ, ಕಂಡೆನ್ಸರ್ ಧೂಳಿನಿಂದ ಮುಚ್ಚಿದೆ, ಅಥವಾ ಯಾರೋ ಗ್ಯಾಸ್ ಜಾಸ್ತಿ ತುಂಬಿದ್ದಾರೆ. ನೀಲಿ ಸೊನ್ನೆಗಿಂತ ಕೆಳಗೆ ಎಳೆಯುತ್ತಿದ್ದರೆ ಗ್ಯಾಸನ್ನು ಸಣ್ಣ ತೂತಿನಿಂದ ಬಿಡುವ ಎಕ್ಸ್‌ಪಾನ್ಶನ್ ವಾಲ್ವ್ ಅಥವಾ ತೇವ ಹೀರುವ ಡ್ರೈಯರ್ ಕಟ್ಟಿಕೊಂಡಿದೆ. ಇವು ಯಾವುವೂ ಕಂಪ್ರೆಸರ್ ದೋಷ ಅಲ್ಲ.

ಕಂಪ್ರೆಸರ್ ಬಾಡಿ ಹೋಗಿದೆ ಅನ್ನಲು ಗುರುತು ಇದು: ಪ್ಲೇಟ್ ತಿರುಗುತ್ತಿದೆ, ಗ್ಯಾಸ್ ತೂಕದ ಪ್ರಕಾರ ಸರಿಯಾಗಿದೆ, ಆದರೂ ನೀಲಿ 70-80ರಲ್ಲೇ ನಿಂತಿದೆ, ಕೆಂಪು 120-130 ದಾಟುತ್ತಿಲ್ಲ. ಎಂಜಿನ್ ವೇಗ ಏರಿಸಿದರೂ ಎರಡೂ ಮುಳ್ಳು ದೂರ ಹೋಗುತ್ತಿಲ್ಲ. ಆಗ ಒಳಗಿನ ವಾಲ್ವ್ ಅಥವಾ ಪಿಸ್ಟನ್ ಒತ್ತುವುದನ್ನು ಬಿಟ್ಟಿದೆ ಅಂತ ನಂಬಬಹುದು.

‘ವರ್ಷಕ್ಕೊಮ್ಮೆ ಗ್ಯಾಸ್ ಟಾಪ್ ಅಪ್ ಮಾಡಿಸಬೇಕು’ ಅನ್ನುವ ಮಾತನ್ನು ನಂಬಬೇಡಿ. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಒಂದೇ ಸೀಸನ್‌ನಲ್ಲಿ ಕಡಿಮೆಯಾಯಿತು ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಟಾಪ್ ಅಪ್ ಮಾಡುತ್ತಾ ಹೋದರೆ ಗ್ಯಾಸ್ ಜೊತೆ ಆಯಿಲ್ ಕೂಡ ಹೊರಗೆ ಹೋಗುತ್ತಿರುತ್ತದೆ. ಎಷ್ಟೋ ಕಂಪ್ರೆಸರ್‌ಗಳು ಸಾಯುವುದು ಹೀಗೇ, ನಿಧಾನವಾಗಿ, ಪ್ರತಿ ಬೇಸಿಗೆಯ ಸಣ್ಣ ಬಿಲ್ಲಿನ ಜೊತೆ. ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ಲೀಕ್ ಹುಡುಕಿಸಿ. ಡಬ್ಬದಲ್ಲಿ ಬರುವ ಲೀಕ್ ಮುಚ್ಚುವ ದ್ರವ ಹಾಕಿಸಬೇಡಿ, ಅದು ಗಟ್ಟಿಯಾಗಿ ವಾಲ್ವನ್ನೂ ಕಟ್ಟಿಸಬಹುದು, ಮೆಕ್ಯಾನಿಕ್‌ನ ಮೆಷಿನನ್ನೂ ಕೆಡಿಸಬಹುದು. ಇನ್ನು ಆರ್-134ಎ ಬದಲು ಎಲ್‌ಪಿಜಿ ಥರದ ಗ್ಯಾಸ್ ತುಂಬುವುದಂತೂ ಜೀವಕ್ಕೇ ಅಪಾಯ. ಅದು ಬೆಂಕಿ ಹಿಡಿಯುವ ಗ್ಯಾಸ್, ಕೂಲಿಂಗ್ ಕಾಯಿಲ್ ಇರುವುದು ನಾವು ಕೂರುವ ಕ್ಯಾಬಿನ್ ಒಳಗೆ.

ಬಾಡಿಯೇ ಹೋಗಿದ್ದರೆ: ತಂಗಿಯ ಕಾರಿನ ಕಥೆ

ಅವಳ ಕಾರಿನಲ್ಲಿ ಎಸಿ ಹಾಕಿದಾಗ ಕಟಕಟ ಸದ್ದು ಬರುತ್ತಿತ್ತು. ಯಾರೋ 4,000ಕ್ಕೆ ಗುಜರಿಯ ಕಂಪ್ರೆಸರ್ ಕೊಡಿಸಿದರು. ಗ್ಯಾಸ್, ಕೂಲಿ ಅಂತ ಇನ್ನೊಂದು 2,000. ಎರಡೂವರೆ ತಿಂಗಳಿಗೆ ಅದೂ ಜಾಮ್ ಆಯಿತು. ‘ಹಳೇದು ಅಲ್ವಾ, ಅದಕ್ಕೇ’ ಅಂದರು. ಆದರೆ ತಪ್ಪು ಕಂಪ್ರೆಸರ್‌ನದಾಗಿರಲಿಲ್ಲ.

ಬಾಡಿ ಒಳಗೆ ಸವೆದು ಸಾಯುವಾಗ ಅಲ್ಯೂಮಿನಿಯಂ ಪುಡಿ ಉದುರುತ್ತದೆ. ಅದು ಗ್ಯಾಸ್ ಜೊತೆ ಕಂಡೆನ್ಸರ್‌ಗೆ ಹೋಗುತ್ತದೆ, ಡ್ರೈಯರ್‌ನಲ್ಲಿ ಕೂರುತ್ತದೆ, ಎಕ್ಸ್‌ಪಾನ್ಶನ್ ವಾಲ್ವಿನ ಸೂಜಿ ತೂತನ್ನು ಕಟ್ಟುತ್ತದೆ. ಹೊಸ ಕಂಪ್ರೆಸರ್ ಹಾಕಿದರೂ ಅದು ಅದೇ ಪುಡಿಯನ್ನು ನುಂಗುತ್ತದೆ. ಎರಡನೇ ಸಲ ಬಿಚ್ಚಿದಾಗ ನಾನೂ ಅಲ್ಲಿದ್ದೆ. ದಪ್ಪ ಪೈಪಿನ ತುದಿಗೆ ಬಿಳಿ ಬಟ್ಟೆ ಹಿಡಿದು ಒರೆಸಿದರೆ ಬೂದು ಬಣ್ಣದ ಆಯಿಲ್. ಬಿಸಿಲಿಗೆ ಹಿಡಿದಾಗ ಅದರಲ್ಲಿ ಸಣ್ಣ ಸಣ್ಣ ಮಿಣುಕು. ಅದೇ ಲೋಹದ ಪುಡಿ. ಈ ಬಟ್ಟೆಯ ಪರೀಕ್ಷೆಯನ್ನು ನಿಮ್ಮ ಕಣ್ಣೆದುರಿಗೇ ಮಾಡಿಸಿ. ಆಯಿಲ್ ತಿಳಿಯಾಗಿದ್ದರೆ ಖರ್ಚು ಕಡಿಮೆ. ಮಿಣುಗಿದರೆ ಇಡೀ ಸಿಸ್ಟಮ್ ಸ್ವಚ್ಛ ಮಾಡಲೇಬೇಕು.

ಪೈಪ್ ಮತ್ತು ಕೂಲಿಂಗ್ ಕಾಯಿಲ್‌ಗೆ ಫ್ಲಶಿಂಗ್ ದ್ರವ ಹಾಯಿಸಿ ನೈಟ್ರೋಜನ್‌ನಿಂದ ಊದಿ ಒಣಗಿಸಬಹುದು. ಸೀಮೆಎಣ್ಣೆ, ಪೆಟ್ರೋಲ್ ಬೇಡ, ಒಳಗೆ ಉಳಿದದ್ದು ಆಯಿಲ್ ಕೆಡಿಸುತ್ತದೆ, ರಬ್ಬರನ್ನೂ ತಿನ್ನುತ್ತದೆ. ಆದರೆ ಈಗಿನ ಕಂಡೆನ್ಸರ್‌ಗಳ ಒಳದಾರಿಗಳು ತೀರಾ ಸಣ್ಣವು. ಎಷ್ಟು ಫ್ಲಶ್ ಮಾಡಿದರೂ ಪುಡಿ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಲೋಹದ ಪುಡಿ ಕಂಡರೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್ ಮೂರನ್ನೂ ಬದಲಿಸಿ. ಕೆಲವು ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರ್ ಜೊತೆಯೇ ಅಂಟಿ ಬರುತ್ತದೆ.

ತಂಗಿಯ ಕಾರಿಗೆ ಎರಡನೇ ಸಲ ಆದ ಲೆಕ್ಕ ಹೀಗಿದೆ. ರೀಕಂಡೀಷನ್ ಕಂಪ್ರೆಸರ್ 7,500, ಕಂಡೆನ್ಸರ್ 3,800, ಡ್ರೈಯರ್ 600, ವಾಲ್ವ್ 900, ಫ್ಲಶಿಂಗ್, ಆಯಿಲ್, ಗ್ಯಾಸ್, ಕೂಲಿ ಎಲ್ಲಾ ಸೇರಿ 3,200. ಒಟ್ಟು 16,000. ಮೊದಲ ಸಲದ 6,000 ನೀರುಪಾಲಾಗಿತ್ತು. ದುಡ್ಡು ಕಡಿಮೆ ಇದ್ದರೆ ಕಂಪ್ರೆಸರ್‌ನಲ್ಲಿ ಉಳಿಸಿ, ಸ್ವಚ್ಛತೆಯಲ್ಲಿ ಉಳಿಸಬೇಡಿ. ಸ್ವಚ್ಛವಾದ ಸಿಸ್ಟಮ್‌ನಲ್ಲಿ ರೀಕಂಡೀಷನ್ ಕಂಪ್ರೆಸರ್ ಬಾಳುತ್ತದೆ. ಕೊಳಕು ಸಿಸ್ಟಮ್‌ನಲ್ಲಿ ಹೊಸದೂ ಬಾಳುವುದಿಲ್ಲ.

ಕಂಪ್ರೆಸರ್ ಕೊಳ್ಳುವಾಗ

ಹೊಸದೇ ಬೇಕಾದರೆ ಕಾರು ಕಂಪನಿಯ ಡಬ್ಬವೇ ಆಗಬೇಕೆಂದಿಲ್ಲ. ಕಾರು ಕಂಪನಿಗಳು ಕಂಪ್ರೆಸರ್ ಅನ್ನು ಸಾಮಾನ್ಯವಾಗಿ ಬೇರೆಯವರಿಂದ ಮಾಡಿಸಿಕೊಳ್ಳುತ್ತವೆ. ಸುಬ್ರೋಸ್, ಸ್ಯಾಂಡೆನ್, ಡೆನ್ಸೋ, ಹ್ಯಾನಾನ್ ಇಂಥ ಹೆಸರುಗಳು ಬಾಡಿಯ ಮೇಲಿನ ಸ್ಟಿಕ್ಕರ್‌ನಲ್ಲೇ ಇರುತ್ತವೆ. ಅದೇ ತಯಾರಕರ ಡಬ್ಬದಲ್ಲಿ ಸಿಕ್ಕರೆ ಬೆಲೆ ಎಷ್ಟು ಇಳಿಯುತ್ತದೆ ಅಂತ ವಿಚಾರಿಸಿ. ಸ್ಟಿಕ್ಕರಿನ ಫೋಟೋ ಇಟ್ಟುಕೊಂಡು ಹೋಗಿ. ಬೆಂಗಳೂರಲ್ಲಾದರೆ ಹೊಸ ಸಾಮಾನಿಗೆ ಜೆ.ಸಿ. ರೋಡ್, ಹಳೇ ಸಾಮಾನಿಗೆ ಶಿವಾಜಿನಗರ.

ರೀಕಂಡೀಷನ್ ಅಥವಾ ಹಳೇದು ಕೊಳ್ಳುವಾಗ ಕೌಂಟರ್ ಮೇಲೇ ಪರೀಕ್ಷೆ ಮಾಡಿ. ಎರಡು ಪೋರ್ಟ್‌ಗೂ ಮುಚ್ಚಳ ಇರಬೇಕು. ತೆರೆದಿಟ್ಟ ಕಂಪ್ರೆಸರ್ ಬೇಡ, ಅದರ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪ್ಲೇಟ್ ತಿರುಗಿಸಿ ನೋಡಿ. ಹೊರಬಿಡುವ ಪೋರ್ಟಿಗೆ ಹೆಬ್ಬೆರಳು ಒತ್ತಿ ತಿರುಗಿಸಿದರೆ ಗಾಳಿ ಬೆರಳನ್ನು ತಳ್ಳಬೇಕು. ಬೆರಳಿಗೆ ಅಂಟಿದ ಆಯಿಲ್ ಬೂದಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೀರುಗಳ ಸಂಖ್ಯೆ, ಬೋಲ್ಟ್ ಕಿವಿಗಳ ಜಾಗ, ಪೈಪ್ ಕೂರುವ ದಿಕ್ಕು, 12 ವೋಲ್ಟ್ ಕಾಯಿಲ್, ಇಷ್ಟನ್ನೂ ಹಳೆಯದರ ಪಕ್ಕ ಇಟ್ಟು ಹೋಲಿಸಿ. ಹಳೆಯ ಬಾಡಿ ವಾಪಸ್ ಕೊಟ್ಟರೆ ಸ್ವಲ್ಪ ಕಡಿಮೆ ಮಾಡುತ್ತಾರೆ, ಕೇಳಿ. ಗ್ಯಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಒಂದು ವಿಷಯ ನೆನಪಿರಲಿ. ಹೊಸ ಮಾದರಿಯ ಹಲವು ಕಾರುಗಳಲ್ಲಿ ಕ್ಲಚ್ಚೇ ಇರುವುದಿಲ್ಲ. ಶಾಫ್ಟ್ ಯಾವಾಗಲೂ ತಿರುಗುತ್ತದೆ, ಒಳಗಿನ ಕಂಟ್ರೋಲ್ ವಾಲ್ವ್ ಎಷ್ಟು ಒತ್ತಬೇಕು ಅಂತ ನಿರ್ಧರಿಸುತ್ತದೆ. ಅಲ್ಲಿ ‘ಟಕ್’ ಕೇಳಲಿಲ್ಲ ಅಂತ ಗಾಬರಿಯಾಗಬೇಡಿ. ಸ್ಕ್ಯಾನರ್ ಹಾಕಿ ಆ ವಾಲ್ವಿಗೆ ಸಿಗ್ನಲ್ ಹೋಗುತ್ತಿದೆಯಾ ನೋಡಿಸಿ. ಎಷ್ಟೋ ಮಾದರಿಗಳಿಗೆ ಆ ವಾಲ್ವ್ ಒಂದೇ ಬಿಡಿಯಾಗಿ ಸಿಗುತ್ತದೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಂಪ್ರೆಸರ್ ಮಾತ್ರ ಪೂರ್ತಿ ಬೇರೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಬೇಡಿ, ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಜೋಡಿಸುವ ದಿನ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಆಯಿಲ್ ಎಷ್ಟು, ಯಾವುದು ಅನ್ನುವುದು ಮೊದಲ ಪ್ರಶ್ನೆ. ಪಿಎಜಿ 46, ಪಿಎಜಿ 100 ಅಂತ ಬೇರೆ ಬೇರೆ ಇವೆ. ಯಾವುದು ಅಂತ ಕಂಪ್ರೆಸರ್ ಸ್ಟಿಕ್ಕರ್ ಅಥವಾ ಕೈಪಿಡಿ ಹೇಳುತ್ತದೆ. ಸಿಸ್ಟಮ್ ಪೂರ್ತಿ ಫ್ಲಶ್ ಮಾಡಿದ್ದರೆ ಪೂರ್ತಿ ಅಳತೆ ಹಾಕಬೇಕು. ಕಂಪ್ರೆಸರ್ ಮಾತ್ರ ಬದಲಿಸಿದ್ದರೆ ಹಳೆಯದರಿಂದ ಬಂದ ಆಯಿಲ್ ಅಳೆದು ಅಷ್ಟೇ ಹಾಕಬೇಕು. ಕಣ್ಣಂದಾಜು ಬೇಡ, ಅಳತೆಯ ಲೋಟ ಇರಲಿ. ಆಮೇಲೆ ಪ್ಲೇಟನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಬೇಕು. ಪಿಸ್ಟನ್ ಮುಂದೆ ಆಯಿಲ್ ನಿಂತಿದ್ದರೆ ಮೊದಲ ಹೊಡೆತಕ್ಕೇ ವಾಲ್ವ್ ಮುರಿಯಬಹುದು. ಪೈಪ್ ಜೋಡಣೆಯ ಓ-ರಿಂಗ್‌ಗಳು ಹೊಸದೇ ಇರಲಿ, ಅವು ಕೆಲವೇ ರೂಪಾಯಿಯವು.

ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವುದು. ಕಡಿಮೆ ಅಂದರೂ ಅರ್ಧ ಗಂಟೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒತ್ತಡ ಅಷ್ಟು ಇಳಿದಾಗ ಒಳಗಿನ ನೀರು ಮಾಮೂಲಿ ಬಿಸಿಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಇಲ್ಲೊಂದು ಊರಿನ ಲೆಕ್ಕ ಇದೆ. ಮಂಗಳೂರಲ್ಲಿ ಗೇಜ್ ಮೈನಸ್ 29 ಇಂಚಿನ (ವ್ಯಾಕ್ಯೂಮ್ ಅಳೆಯುವ ಪಾದರಸದ ಇಂಚು) ಹತ್ತಿರ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಎಷ್ಟೇ ಒಳ್ಳೆ ಪಂಪ್ ಇದ್ದರೂ ಮುಳ್ಳು ಮೈನಸ್ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. 29 ಬರಲಿಲ್ಲ ಅಂತ ಲೀಕ್ ಹುಡುಕಲು ಹೊರಡಬೇಡಿ. ಪಂಪ್ ನಿಲ್ಲಿಸಿದ ಮೇಲೆ 15 ನಿಮಿಷ ಮುಳ್ಳು ಅಲ್ಲಾಡದೆ ನಿಂತರೆ ಸರಿ.

ಗ್ಯಾಸ್ ತೂಕದ ಲೆಕ್ಕದಲ್ಲೇ ಹೋಗಬೇಕು. ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಗ್ರಾಂ ಬರೆದಿರುತ್ತದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 350ರಿಂದ 500 ಗ್ರಾಂ. ಸಿಲಿಂಡರ್ ಅನ್ನು ತಕ್ಕಡಿಯ ಮೇಲೆ ಇಟ್ಟು ತುಂಬುವವರ ಬಳಿಯೇ ಹೋಗಿ. ಹಳೆಯ ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಳ್ಳಲು ಹೇಳಿ. ಆರ್-134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುವ ಗ್ಯಾಸ್, ಸುಮ್ನೆ ಗಾಳಿಗೆ ಬಿಡುವುದು ಬೇಡ.

ಮೊದಲ ಕೆಲವು ನಿಮಿಷ ಎಂಜಿನ್ ಐಡಲ್‌ನಲ್ಲೇ ಇರಲಿ, ಆಕ್ಸಿಲರೇಟರ್ ಒತ್ತಬೇಡಿ. ಆಮೇಲೆ ನಡುವಿನ ವೆಂಟ್‌ನಲ್ಲಿ ಒಂದು ಅಡುಗೆಮನೆಯ ಥರ್ಮಾಮೀಟರ್ ಸಿಕ್ಕಿಸಿ, ಒಳಗಾಳಿ ಬಟನ್ ಒತ್ತಿ, ಹತ್ತು ನಿಮಿಷ ಓಡಿಸಿ. ಹೊರಗೆ 30-35 ಡಿಗ್ರಿ ಇದ್ದಾಗ ವೆಂಟ್‌ನಲ್ಲಿ 5ರಿಂದ 10 ಡಿಗ್ರಿ ಬಂದರೆ ಕೆಲಸ ಸರಿಯಾಗಿದೆ. ಹತ್ತು ದಿನ ಬಿಟ್ಟು ಅದೇ ಥರ್ಮಾಮೀಟರ್ ಇಟ್ಟು ಮತ್ತೆ ನೋಡಿ, ಬೆಲ್ಟ್ ಬಿಗಿಯನ್ನೂ ನೋಡಿಸಿ. ಮಳೆ ಚಳಿ ಅನ್ನದೆ ವಾರಕ್ಕೆ ಹತ್ತು ನಿಮಿಷ ಎಸಿ ಓಡಿಸಿ, ಇಲ್ಲದಿದ್ದರೆ ಶಾಫ್ಟಿನ ಸೀಲ್ ಒಣಗಿ ಲೀಕ್ ಶುರುವಾಗುತ್ತದೆ.

ಮುಂದಿನ ಸಲ ಬಳ್ಳಾರಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆಗೆ, ಚಳ್ಳಕೆರೆಯ ಅದೇ ಗ್ಯಾರೇಜ್ ಮುಂದೆ ಹಾದು ಹೋಗುವಾಗ ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ಅಮ್ಮ ಶಾಲು ಹೊದ್ದು ನಿದ್ದೆ ಮಾಡುತ್ತಿದ್ದರು.